ಸತ್ತ ದೋಣಿಗೆ ನೀರು

ವಾರಗಟ್ಟಲೆ ಮಳೆ ಬಿದ್ದಿರಲಿಲ್ಲ. ಮೂಡಣ ಗಾಳಿ ಬೀಸಿ ಬೀಸಿ ತುಟಿ ಬಿರಿದಿತ್ತು. ಒಗೆದು ಹಾಕಿದ ಬಟ್ಟೆ ಹಲಗೆಯ ಹಾಗೆ ಸೆಟೆದು ನಿಲ್ಲುತ್ತಿತ್ತು. ಮನೆಯ ಬಾಗಿಲೇ ಒಣಗಿ ಕುಗ್ಗಿ, ಚೌಕಟ್ಟಿನ ಸಂದಿಯಲ್ಲಿ ಬೆರಳು ತೂರುವಷ್ಟು ಬೆಳಕು ಕಾಣುತ್ತಿತ್ತು. ಆದರೆ ‘ಹೆಲೆನ್’ನ ಹೊಟ್ಟೆಯಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಹೆಲೆನ್ ಅಂದರೆ ನನ್ನ ಅತ್ತೆ. ಅವಳು ತೀರಿಕೊಂಡು ಬಹಳ ಕಾಲವಾಯಿತು. ಅವಳ ಹೆಸರಿಟ್ಟ ದೋಣಿ ಸತ್ತು ಎರಡು ಚಳಿಗಾಲ.

ನಮ್ಮೂರು ಸ್ಕಾರ್ನೆಸ್‌ನಲ್ಲಿ ಆಳನ್ನು ಕಳೆದುಕೊಂಡು ಬಂದ ದೋಣಿ ಮತ್ತೆ ನೀರಿಗಿಳಿಯುವುದಿಲ್ಲ. ಅದನ್ನು ಮಾರುವ ಹಾಗಿಲ್ಲ, ಸುಡುವ ಹಾಗಿಲ್ಲ, ಅದರಿಂದ ಒಂದು ಮೊಳೆ ಕೀಳುವ ಹಾಗಿಲ್ಲ. ಹುಣ್ಣಿಮೆಯ ಭರತದ ನೀರೂ ಮುಟ್ಟದಷ್ಟು ಮೇಲಕ್ಕೆ, ಬಂಡೆಯ ಬುಡಕ್ಕೆ ಊರೇ ಸೇರಿ ಎಳೆದುಹಾಕುತ್ತದೆ. ಆಮೇಲೆ ಅದರ ಪಾಡಿಗೆ ಅದು. ಅಲ್ಲಿ ಹೆಲೆನ್‌ಗಿಂತ ಹಳೆಯವು ಎರಡಿವೆ. ಒಂದರ ಪಕ್ಕೆಲುಬುಗಳಷ್ಟೇ ಉಳಿದಿವೆ, ಇನ್ನೊಂದರೊಳಗೆ ಚುರುಚುರಿ ಗಿಡ ಎದೆಯೆತ್ತರ ಬೆಳೆದಿದೆ. ಮಕ್ಕಳು ಕೂಡ ಆ ಕಡೆ ಆಡಲು ಹೋಗುವುದಿಲ್ಲ. ಕಟ್ಟಿಗೆಗೆ ಪರದಾಡುವ ಚಳಿಯಲ್ಲೂ ಆ ಮರವನ್ನು ಯಾರೂ ಮುಟ್ಟುವುದಿಲ್ಲ.

ಆ ಭಾನುವಾರ ಪ್ರವಚನದ ಮಧ್ಯೆ ನನಗೆ ಹೊಟ್ಟೆ ತೊಳಸಿ ಬಂತು. ಬಸುರಿನ ಮೊದಲ ತಿಂಗಳುಗಳು. ಬಾಯಿಗೆ ಶಾಲು ಒತ್ತಿಕೊಂಡು ಎದ್ದು ಹೊರಬಂದು, ಚರ್ಚಿನ ಗೋಡೆಯ ಹಿಂದೆ ವಾಂತಿ ಮಾಡಿ, ಗಾಳಿಗೆ ಮುಖವೊಡ್ಡಿ ದಡದ ಮೇಲೆ ನಡೆದೆ. ಊರೆಲ್ಲ ಚರ್ಚಿನೊಳಗಿತ್ತು. ಹಾಡಿನ ಸದ್ದು ಗಾಳಿಯಲ್ಲಿ ಬಂದು ಬಂದು ಹೋಗುತ್ತಿತ್ತು.

ಬಂಡೆಯ ಬುಡದಲ್ಲಿ ನನ್ನ ಗಂಡ ಜೀಮ್ಸ್ ಇದ್ದ. ಬೆಳಿಗ್ಗೆ ಹೊಟ್ಟೆನೋವು ಎಂದು ಹಾಸಿಗೆಯಲ್ಲೇ ಉಳಿದವನು. ಈಗ ಕೈಯಲ್ಲಿ ಬಕೆಟು. ಕಡಲ ನೀರು ತುಂಬಿ ತಂದು ಹೆಲೆನ್‌ನೊಳಕ್ಕೆ ಸುರಿಯುತ್ತಿದ್ದ.

"ಜೀಮ್ಸ್."

ಅವನು ಕೂಡಲೇ ತಿರುಗಲಿಲ್ಲ. ಬಕೆಟನ್ನು ಪೂರ್ತಿ ಬರಿದುಮಾಡಿ ಆಮೇಲೆ ತಿರುಗಿದ.

"ಪ್ರವಚನ ಮುಗೀತಾ?"

"ವಾಂತಿ ಬಂತು, ಎದ್ದು ಬಂದೆ. ನಿಂಗೆ ಹೊಟ್ಟೆನೋವಲ್ವಾ?"

"ಹೂಂ."

"ನಿನ್ ಹೊಟ್ಟೆನೋವಿಗೆ ದೋಣಿಗ್ಯಾಕೆ ನೀರು ಕುಡಿಸ್ತಿದೀಯ?"

ಅವನು ನಗಲಿಲ್ಲ. ದೋಣಿಯ ಅಂಚಿಗೆ ಮೊಣಕೈ ಊರಿ ನಿಂತ, ತನ್ನ ಹಟ್ಟಿಯ ಹಸುವಿಗೆ ಒರಗಿ ನಿಂತವನಂತೆ. ಅವನ ಅಣ್ಣ ಆ್ಯಂಡ್ರಾನನ್ನು ನುಂಗಿದ ದೋಣಿ ಅದು. ಸತ್ತ ದೋಣಿಯನ್ನು ಊರಲ್ಲಿ ಯಾವ ಗಂಡಸೂ ಹಾಗೆ ಮುಟ್ಟುವುದಿಲ್ಲ. ಗಾಳಿ ಅದರ ಕಡೆಯಿಂದ ಬೀಸಿದರೂ ಟೋಪಿ ಸರಿಪಡಿಸಿಕೊಂಡು ದೂರ ನಡೆಯುತ್ತಾರೆ. ಇವನಿಗೆ ಹೆದರಿಕೆಯೇ ಇರಲಿಲ್ಲ.

"ಒಣಗಿದ್ರೆ ಹಲಗೆ ಬಿಟ್ಕೊಳ್ತವೆ," ಅಂದ. "ಒಂದ್ಸಲ ಬಿಟ್ಕೊಂಡ್ರೆ ಮುಗೀತು. ಒಳಗೆ ನೀರಿದ್ರೆ ಮರ ಊದ್ಕೊಂಡು ಸಂದು ಬಿಗಿಯಾಗಿರ್ತವೆ."

"ಸತ್ತಿದ್ದಕ್ಕೆ ಬಿಗಿಯಾಗಿದ್ರೇನು, ಬಿಟ್ಕೊಂಡ್ರೇನು? ಬಾ ಈ ಕಡೆ. ಯಾರಾದ್ರೂ ನೋಡಿದ್ರೆ! ನಿಮ್ಮಣ್ಣ ಹೋದ ದೋಣಿ ಅದು."

"ಇದರಿಂದ ಯಾರೂ ಮುಳುಗಿಲ್ಲ, ಎಲ್ಸಿ."

ಅಷ್ಟು ಹೇಳಿ ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ನಾನು ಕಲ್ಲಿನ ಮೇಲೆ ಕೂತೆ. ಚರ್ಚಿನಿಂದ ಕೊನೆಯ ಹಾಡು ಶುರುವಾಗುವವರೆಗೂ ಅವನು ಮಾತಾಡಿದ. ಮದುವೆಯಾದ ಮೇಲೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಆವತ್ತು ಜೊತೆಗೆ ಹೋಗಬೇಕಿದ್ದ ಮುದುಕನಿಗೆ ಜ್ವರ. ದೋಣಿಯಲ್ಲಿ ಅಣ್ಣ ತಮ್ಮ ಇಬ್ಬರೇ. ಮಂಜು ಕವಿದು, ದಾರಿ ತಪ್ಪದಿರಲೆಂದು ಪಟ್ಟಣದ ಬಂದರಿಗೆ ಹೋಗಿ ಕಟ್ಟಿದರು. ಅಲ್ಲಿ ಮರ ತರಲು ಕೆನಡಾಕ್ಕೆ ಹೊರಟ ಹಡಗೊಂದು ನಿಂತಿತ್ತು. ಆ್ಯಂಡ್ರಾ ಹುಟ್ಟು ಒಳಗಿಟ್ಟು, ಕೈಯೊರೆಸಿಕೊಂಡು, ‘ನಾನು ವಾಪಸ್ ಬರಲ್ಲ’ ಅಂದನಂತೆ. ಅವನ ಎರಡು ಮಕ್ಕಳೂ ಗಂಟಲುಬೇನೆಯಿಂದ ಒಂದೇ ವಾರದಲ್ಲಿ ಹೋಗಿದ್ದವು. ಆಮೇಲೆ ಅವನು ಮನೆಯಲ್ಲಿ ಬಾಯಿ ಬಿಟ್ಟದ್ದು ಗಂಜಿ ಕುಡಿಯಲು ಮಾತ್ರ. ಅತ್ತಿಗೆ ಮೇರನ್‌ಗೆ ಏನು ಹೇಳಲಿ ಎಂದು ಜೀಮ್ಸ್ ಕೇಳಿದ. ‘ಏನಾದ್ರೂ ಹೇಳು. ಬಿಟ್ಟು ಹೋದ ಅಂತ ಮಾತ್ರ ಹೇಳಬೇಡ, ಅವಳಿಗೆ ತಲೆ ಎತ್ತೋಕಾಗಲ್ಲ’ ಅಂದನಂತೆ ಅಣ್ಣ. ಹಡಗಿನ ಏಣಿ ಹತ್ತಿ ಹೋದ.

"ದಾರಿಯುದ್ದಕ್ಕೂ ಯೋಚನೆ ಮಾಡ್ದೆ," ಅಂದ ಜೀಮ್ಸ್. "ಅತ್ತಿಗೆ ಮುಖ ಒಂದೇ ಕಣ್ಮುಂದೆ. ಮುಳುಗಿದ ಅಂದ್ರೆ ಎಲ್ಲಾ ಸಲೀಸು ಅನ್ನಿಸ್ತು. ಒಬ್ರಾದ್ರೂ ಮುಳುಗದ ಮನೆ ಊರಲ್ಲಿ ಯಾವುದಿದೆ? ದಡಕ್ಕೆ ಬಂದು ಹೇಳ್ದೆ. ಎಲ್ರೂ ಟೋಪಿ ತೆಗೆದ್ರು. ಆದ್ರೆ ನನ್ ಕಡೆ ಯಾರೂ ನೋಡ್ಲಿಲ್ಲ ಎಲ್ಸಿ, ದೋಣಿ ಕಡೆ ನೋಡಿದ್ರು. ಆಗ ಹೊಳೀತು ನಂಗೆ ಏನ್ಮಾಡ್ದೆ ಅಂತ."

"ಅಲ್ಲೀವರೆಗೂ ಹೊಳೀಲಿಲ್ವಾ?"

"ದೇವರಾಣೆ ಇಲ್ಲ."

ನಾನು ಅವನಿಗೆ ಬೈಯಬೇಕಿತ್ತು. ಸಿಟ್ಟು ಬರಲಿಲ್ಲ. ಬಂದದ್ದು ಹಸಿವಿನಂಥದ್ದೇನೋ. ದೋಣಿಯ ಹಲಗೆಗಳನ್ನು ಒಂದೊಂದಾಗಿ ನೋಡಿದೆ. ಬಣ್ಣ ಸುಲಿದಿತ್ತು, ಆದರೆ ಮರ ಗಟ್ಟಿ. ಡಾಂಬರು ಬಳಿದರೆ ಸಾಕು. ನಮ್ಮದೇ ದೋಣಿ.

ಹೆಲೆನ್ ದೋಣಿ ಹೋದಾಗಿನಿಂದ ಜೀಮ್ಸ್ ಕೊಕ್ಕರೆ ವಿಲ್ಲಿಯ ದೋಣಿಯಲ್ಲಿ ಕೂಲಿಯ ಆಳು. ಊರಲ್ಲಿ ವಿಲ್ಲಿಗಳು ಬಹಳ ಜನ. ಇವನು ದೋಣಿ ನಡೆಸುವ ತಾಂಡೇಲ, ಉದ್ದ ಕಾಲಿನವನು, ಅದಕ್ಕೇ ಕೊಕ್ಕರೆ. ಅವನ ಮಗ ನೌಕಾಪಡೆಯಿಂದ ಬೇಸಿಗೆಗೆ ವಾಪಸು ಬರುತ್ತಾನೆ. ಬಂದರೆ ಜೀಮ್ಸ್‌ನ ಜಾಗ ಹೋಯಿತು. ಕೊಕ್ಕರೆ ಅದನ್ನು ಕೆಟ್ಟದಾಗಿಯೇನೂ ಹೇಳಿರಲಿಲ್ಲ. ‘ನಿಂಗೂ ಗೊತ್ತಲ್ಲ ಜೀಮ್ಸ್, ಮಗ ಮಗನೇ’ ಅಂದಿದ್ದ. ಬೇರೆ ದೋಣಿಗಳೆಲ್ಲ ತುಂಬಿದ್ದವು. ಉಳಿದದ್ದು ಪಟ್ಟಣದ ಉಗಿಹಡಗುಗಳು. ಕಡಲ ತಳವನ್ನೇ ಕೆರೆದು ಬಲೆ ಎಳೆಯುವ ಆ ಹಡಗುಗಳಿಗೆ ಹೋದ ನಮ್ಮೂರಿನ ಗಂಡಸರಲ್ಲಿ ಇಬ್ಬರು ಬೆರಳಿಲ್ಲದೆ ಬಂದರು, ಒಬ್ಬ ಬರಲೇ ಇಲ್ಲ, ಉಳಿದವರು ಅಲ್ಲೇ ಹೆಂಡದಂಗಡಿಗಳ ಪಕ್ಕ ಬಿಡಾರ ಮಾಡಿ ಹೆಂಡತಿಯರನ್ನು ಮರೆತರು.

"ಹೇಳಿಬಿಡು," ಅಂದೆ. "ನಿಜ ಹೇಳಿಬಿಡು. ಬೇಸಿಗೆಗೆ ಮುಂಚೆ ನೀರಿಗಿಳಿಸೋಣ."

ಅವನು ಅಂಗೈ ನೋಡಿಕೊಂಡ. "ನನ್ ಬಾಯಿಂದ ಆಗಲ್ಲ. ನೀನು ಹೇಳಿದ್ರೆ... ಬೇಡ ಅನ್ನಲ್ಲ."

---

ಮೇರನ್ ನಮ್ಮ ಮನೆಯಲ್ಲೇ ಇದ್ದಳು. ವಿಧವೆಯಾದ ಮೇಲೆ ತನ್ನ ಮನೆಯ ಬೆಂಕಿ ಆರಿಸಿ ನಮ್ಮ ಬೆಂಕಿಯ ಮುಂದೆ ಬಂದು ಕೂತಳು. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ಹೊತ್ತು ಹುಟ್ಟುವ ಮೊದಲೇ ಎದ್ದು ಇಬ್ಬರೂ ಬೆಂಚಿನ ಮೇಲೆ ಎದುರುಬದುರು ಕೂತು ಕಪ್ಪೆಚಿಪ್ಪು ಬಿಡಿಸಿ ಗಾಳಗಳಿಗೆ ಸಿಕ್ಕಿಸಬೇಕು. ಗಾಳದ ಹಗ್ಗ ಸುತ್ತು ಸುತ್ತಾಗಿ ಬುಟ್ಟಿಯೊಳಗೆ, ಸುತ್ತಿನ ನಡುವೆ ಹುಲ್ಲು, ಒಂದಕ್ಕೊಂದು ತೊಡರದ ಹಾಗೆ. ಇದು ಹೆಂಗಸರ ಕೆಲಸ. ಮದುವೆಯಾಗದ ಗಂಡಸು ನಮ್ಮೂರಲ್ಲಿ ಮೀನುಗಾರನೇ ಅಲ್ಲ. ಅವನ ಗಾಳಕ್ಕೆ ಎರೆ ಯಾರು ಸಿಕ್ಕಿಸುತ್ತಾರೆ?

ಮೇರನ್‌ನ ಕೈ ನನ್ನದಕ್ಕಿಂತ ಚುರುಕು. ಚಾಕು ಚಿಪ್ಪಿನ ಬಾಯಿಗೆ ಹೋದದ್ದು ಕಾಣುತ್ತದೆ, ಬಂದದ್ದು ಕಾಣುವುದಿಲ್ಲ.

ಬುಧವಾರ ಸಮುದ್ರ ಎದ್ದಿತ್ತು. ದೋಣಿಗಳು ಹೋಗಿರಲಿಲ್ಲ. ಜೀಮ್ಸ್ ಹೊರಗೆ ಬಲೆ ಹೊಲಿಯುವವರ ಜೊತೆ ಕೂತಿದ್ದ. ನಾನು ಆ ಮಾತು ತೆಗೆದೆ.

"ಅಕ್ಕಾ, ಒಂದ್ಮಾತು. ಭಾವ... ಅಕಸ್ಮಾತ್ ಬದುಕಿದ್ರೆ?"

ಚಾಕು ನಿಲ್ಲಲಿಲ್ಲ.

"ಜೀಮ್ಸ್ ಹೇಳಿದ್ನಾ?"

ನನ್ನ ಬೆರಳಿಗೆ ಗಾಳ ಚುಚ್ಚಿಕೊಂಡಿತು.

"ನಿಂಗೊತ್ತಾ?"

"ಕಾಲುಚೀಲ," ಅಂದಳು ಮೇರನ್. "ಆವತ್ತು ಬೆಳಿಗ್ಗೆ ದಿನಾ ಹೊರೋ ಹಾಗೆ ಅವನನ್ನ ನನ್ ಬೆನ್ನ ಮೇಲೆ ಹೊತ್ಕೊಂಡು ಹೋಗಿ ದೋಣೀಲಿ ಕೂರಿಸ್ದೆನಲ್ಲ. ಕಾಲು ನನ್ ಸೊಂಟದ ಎರಡೂ ಕಡೆ ಇಳಿಬಿದ್ದಿತ್ತು. ಬೂಟಿನ ಮೇಲೆ ನೀಲಿ ಕಾಣಿಸ್ತು. ನಾನೇ ಹೆಣೆದಿದ್ದು, ಭಾನುವಾರದ್ದು. ಮೀನು ಹಿಡಿಯೋಕೆ ಭಾನುವಾರದ ಕಾಲುಚೀಲ ಹಾಕ್ಕೊಂಡು ಯಾರು ಹೋಗ್ತಾರೆ ಹೇಳು?"

"ಮತ್ತೆ ಯಾಕೆ ಇಳಿಸ್ಲಿಲ್ಲ? ಯಾಕೆ ಕೇಳ್ಲಿಲ್ಲ?"

"ದೋಣಿಗೆ ಹೊರಟವನನ್ನ ಹಿಂದಿಂದ ಕೂಗಿ ಕೇಳ್ತಾರೇನೆ, ಹುಚ್ಚಿ?" ಮೊದಲ ಸಲ ತಲೆಯೆತ್ತಿದಳು. "ಕೂರಿಸಿ ವಾಪಸ್ ಬಂದೆ. ಸಂಜೆ ಜೀಮ್ಸ್ ಒಬ್ನೇ ಬಂದು ಮುಳುಗಿದ ಅಂದ. ಅಲ್ಲೇ ನಿಂತು ಅತ್ತೆ. ಸುಳ್ಳು ಅಳು ಅಂದ್ಕೋಬೇಡ. ಅಳು ನಿಜವಾದದ್ದೇ."

ಹೊರಗೆ ಗಂಡಸರು ಏನಕ್ಕೋ ಗೊಳ್ಳೆಂದು ನಕ್ಕರು. ನಾನು ಬೆರಳು ಚೀಪುತ್ತ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಕೊಕ್ಕರೆಯ ಮಗ, ಬೇಸಿಗೆ, ಉಗಿಹಡಗು, ಹೊಟ್ಟೆಯಲ್ಲಿರುವುದು. ದೋಣಿ ಇನ್ನೂ ಬಿಗಿಯಾಗಿದೆ ಎಂಬುದನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತು.

"ಜೀಮ್ಸ್ ನೀರು ಹಾಕ್ತಿದಾನಾ?"

"ಹೂಂ."

"ಪಾಪ," ಅಂದಳು. ಇನ್ನೊಂದು ಚಿಪ್ಪು ಬಿಡಿಸಿ ಕೇಳಿದಳು: "ನೀನು ಹೇಳಿದ್ರೆ ನಾನೇನಾಗ್ತೀನಿ, ಎಲ್ಸಿ?"

"ಏನಾಗ್ತೀಯ? ಇಲ್ಲೇ ಇರ್ತೀಯ. ನಮ್ಜೊತೆ."

"ದಿನಾ ಸಂಜೆ ದೋಣಿ ಬಂದಾಗ ಒಂದೊಂದು ಮೀನು ನನ್ ಬುಟ್ಟಿಗೆ ಹಾಕ್ತಾರಲ್ಲ, ಯಾಕೆ?"

"ವಿಧವೆ ಅಂತ."

"ಕಡಲಿಗೆ ಗಂಡನ್ನ ಕೊಟ್ಟೋಳು ಅಂತ. ಎರಡು ಚಳಿಗಾಲ ತಿಂದಿದೀನಿ ಆ ಮೀನನ್ನ. ನೀನೂ ತಿಂದಿದೀಯ. ನಾಳೆ ಅದೆಲ್ಲಾ ಕದ್ದ ಮೀನು. ಚರ್ಚಲ್ಲಿ ಅವನ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ರು, ಅದು ಏನು? ದೋಣಿ ಎಳೆಯೋಕೆ ಹೆಗಲು ಕೊಟ್ಟವರೆಲ್ಲ ಜೀಮ್ಸ್ ಮುಖಕ್ಕೆ ಉಗೀತಾರೆ. ಅವನ ಜೊತೆ ಆ ದೋಣಿ ಹತ್ತೋಕೆ ಯಾರು ಬರ್ತಾರೆ? ಮತ್ತೆ ನಾನು... ಬಿಟ್ಟು ಹೋಗೋಕೆ ಏನ್ ಕಾರಣ ಇತ್ತೋ ಇವಳಲ್ಲಿ, ಅಂತ. ಮಕ್ಕಳನ್ನೂ ಉಳಿಸ್ಕೊಳ್ಳಲಿಲ್ಲ, ಗಂಡನ್ನೂ ಉಳಿಸ್ಕೊಳ್ಳಲಿಲ್ಲ ಅಂತ."

"ನಿಜ ಹೇಳಿದ್ರೆ ಜನ ಒಂದ್ವಾರ ಬೈತಾರೆ. ಆಮೇಲೆ ದೋಣಿ ಇರುತ್ತೆ."

"ನಿಂಗೆ ದೋಣಿ ಇರುತ್ತೆ. ನಂಗೆ ಇರೋದು ಅವನ ಸಾವು ಒಂದೇ. ಅದನ್ನೂ ಕಿತ್ಕೋಬೇಡ."

ನಾನು ಮೆತ್ತಗಾಗಬಹುದಿತ್ತು. ಆದರೆ ಹೊಟ್ಟೆಯಲ್ಲಿರುವುದು ಇದೇ ಮೊದಲನೆಯದಲ್ಲ. ಹೋದ ಚಳಿಗಾಲ ಸೊಂಟದುದ್ದ ನೀರಿನಲ್ಲಿ ಜೀಮ್ಸ್‌ನನ್ನು ಹೊತ್ತು ಕೊಕ್ಕರೆಯ ದೋಣಿಗೆ ಕೂರಿಸಿ ಬಂದ ಬೆಳಿಗ್ಗೆ, ಈ ಬೆಂಚಿನ ಮೇಲೆಯೇ ಒಂದು ಬಸುರು ಇಳಿದುಹೋಗಿತ್ತು. ಆವತ್ತು ನೆಲ ಒರೆಸಿದವಳು ಮೇರನ್.

"ಸೋಮವಾರ," ಅಂದೆ. "ಭರತಕ್ಕೆ ಕಾಯ್ತಾ ಎಲ್ರೂ ದಡದಲ್ಲಿರ್ತಾರಲ್ಲ, ಆಗ ಹೇಳ್ತೀನಿ. ಕ್ಷಮಿಸಕ್ಕಾ."

ಮೇರನ್ ನನ್ನ ಕೈ ಹಿಡಿದು ಗಾಳ ಚುಚ್ಚಿದ ಬೆರಳನ್ನು ನೋಡಿ, ಒಂದು ಚಿಂದಿ ಬಟ್ಟೆ ಸುತ್ತಿದಳು.

---

ಸೋಮವಾರ ಬೆಳಕು ಹರಿದಿತ್ತು. ಭರತ ಇನ್ನೂ ಏರುತ್ತಿತ್ತು. ನಮ್ಮೂರಿಗೆ ಬಂದರಿಲ್ಲ, ಬರೀ ಉರುಟುಗಲ್ಲಿನ ದಡ. ದೋಣಿಗಳನ್ನು ನೀರಿಗೆ ತಳ್ಳಿ, ಅವು ತೇಲುವಷ್ಟು ಆಳಕ್ಕೆ ಹೋದ ಮೇಲೆ ಹೆಂಗಸರು ಲಂಗ ಮೇಲಕ್ಕೆ ಕಟ್ಟಿ, ಗಂಡಂದಿರನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗಿ ಕೂರಿಸುತ್ತೇವೆ. ಗಂಡಸಿನ ಕಾಲು ನೆನೆದರೆ ದಿನವಿಡೀ ನೆನೆದೇ ಕೂರಬೇಕು. ಹೆಂಗಸು ಮನೆಗೆ ಬಂದು ಒಲೆ ಮುಂದೆ ಕೂರಬಹುದು.

ಗಂಡಸರು ಹೊಗೆ ಸೇದುತ್ತ ನಿಂತಿದ್ದರು.

"ಏನೋ ಜೀಮ್ಸ್, ದಪ್ಪ ಆಗ್ತಿದೀಯ," ಅಂದ ಕೊಕ್ಕರೆ. "ನಿನ್ ಹೆಂಡ್ತಿ ಮೊಣಕಾಲು ನಡುಗ್ತಾ ಇರುತ್ತೆ ಈಚೆಗೆ."

"ನಿನ್ ಹೆಂಡ್ತಿಗೆ ಆ ಕಷ್ಟ ಇಲ್ಲ ಬಿಡಪ್ಪ," ಅಂದ ಇನ್ನೊಬ್ಬ. "ಕೊಕ್ಕರೆ ಕಾಲು, ಹೊತ್ಕೊಂಡ್ರೂ ನೀರಲ್ಲೇ ಎಳೀತಿರುತ್ತೆ."

ನಕ್ಕರು. ಆ ನಗು ನಿಂತರೆ ಹೇಳಬೇಕು ಅಂದುಕೊಂಡೆ. ಜೀಮ್ಸ್ ನನ್ನತ್ತ ನೋಡದೆ ನೆಲ ನೋಡುತ್ತಿದ್ದ. ಕೊಕ್ಕರೆಯ ಹೆಸರು ಹಿಡಿದು ಕರೆದೆ ಕೂಡ, "ವಿಲ್ಲಿ, ಸ್ವಲ್ಪ ಕೇಳಿ..." ಅಂದೆ.

ಬಂಡೆಯ ಕಡೆಯಿಂದ ಸದ್ದು ಬಂತು. ಮರದ ಮೇಲೆ ಕಬ್ಬಿಣದ ಸದ್ದು.

ಎಲ್ಲರೂ ತಿರುಗಿದರು. ಮೇರನ್ ನಮ್ಮ ಮನೆಯ ಕೊಡಲಿ ಹಿಡಿದು ಹೆಲೆನ್‌ನ ಪಕ್ಕ ನಿಂತಿದ್ದಳು. ಶಾಲು ಕೆಳಗೆ ಬಿದ್ದಿತ್ತು. ಕೊಡಲಿ ಎತ್ತಿದಳು, ಅಡಿಮರದ ಪಕ್ಕದ ಹಲಗೆಗೆ ಹಾಕಿದಳು. ಒಮ್ಮೆ ಅಲ್ಲ. ಎಲ್ಲಿ ಹೊಡೆದರೆ ದೋಣಿ ಮತ್ತೆ ಏಳುವುದಿಲ್ಲವೋ ಅಲ್ಲಿ, ಅದೇ ಜಾಗಕ್ಕೆ. ಆಮೇಲೆ ಸುತ್ತಿ ಬಂದು ಇನ್ನೊಂದು ಪಕ್ಕಕ್ಕೆ.

ಜೀಮ್ಸ್ ಹೆಜ್ಜೆ ಮುಂದಿಟ್ಟ. ಕೊಕ್ಕರೆ ಅವನ ತೋಳು ಹಿಡಿದ.

"ಬಿಡು ಜೀಮ್ಸ್. ಹೊಡೀಲಿ. ಎರಡು ವರ್ಷ ಎದೇಲಿ ಇಟ್ಕೊಂಡಿತ್ತು ಪಾಪ ಜೀವ."

"ಆದ್ರೆ ಮುಟ್ಟಬಾರದು..." ಅಂದ ಯಾರೋ.

"ಅವಳ ಗಂಡ ಕಣೋ ಹೋಗಿದ್ದು. ಅವಳು ಮುಟ್ಟದೆ ನೀನು ಮುಟ್ತೀಯಾ?"

ಒಬ್ಬೊಬ್ಬರೇ ಟೋಪಿ ತೆಗೆದರು. ಹೆಂಗಸರು ಅಳತೊಡಗಿದರು. ಒಡೆದ ಹೊಟ್ಟೆಯಿಂದ ನೀರು ದಬದಬನೆ ಸುರಿದು ಕಲ್ಲುಗಳ ನಡುವೆ ಇಳಿದು ಹೋಯಿತು. ಒಣ ಗಾಳಿಯ ಆ ವಸಂತದಲ್ಲಿ ಸತ್ತ ದೋಣಿಯೊಳಗೆ ಅಷ್ಟು ನೀರು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಅದನ್ನು ನೋಡಿದವರು ತಮತಮಗೆ ಬೇಕಾದ ಹಾಗೆ ನೋಡಿದರು.

ನಾನು ಬಾಯಿ ಮುಚ್ಚಿದೆ. ಈಗ ಹೇಳಿ ಏನು? ಕೊಕ್ಕರೆ ನನ್ನ ಕಡೆ ತಿರುಗಿ, "ಏನೋ ಹೇಳ್ತಿದ್ದೆ, ಎಲ್ಸಿ?" ಅಂದ.

"ಏನಿಲ್ಲ."

ಭರತ ತುಂಬಿತು. ಕಡಲಿಗೆ ನಮ್ಮ ದುಃಖ ಗೊತ್ತಿಲ್ಲ, ಹೊತ್ತಿಗೆ ಸರಿಯಾಗಿ ಬರುತ್ತದೆ. ದೋಣಿಗಳನ್ನು ತಳ್ಳಿದರು. ನಾನು ಲಂಗ ಮೇಲಕ್ಕೆ ಕಟ್ಟಿ ಜೀಮ್ಸ್‌ನ ಮುಂದೆ ಬಾಗಿದೆ. ಅವನ ಕೈ ನನ್ನ ಹೆಗಲ ಮೇಲೆ ಬೀಳುವಷ್ಟರಲ್ಲಿ ಯಾರೋ ನನ್ನನ್ನು ಪಕ್ಕಕ್ಕೆ ಸರಿಸಿದರು.

ಮೇರನ್. ಬೆವರಿ ಮುಖ ಕೆಂಪಾಗಿತ್ತು. ಕೂದಲಲ್ಲಿ ಮರದ ಚಕ್ಕೆ.

"ನೀನು ನೀರಿಗಿಳೀಬೇಡ," ಅಂದಳು. "ಹೊಟ್ಟೇಲಿರೋದಕ್ಕೆ ತಣ್ಣೀರು ಆಗಲ್ಲ. ಇನ್ಮೇಲೆ ನಾನು ಹೊರ್ತೀನಿ."

ಹಾಗೆಂದು ಜೀಮ್ಸ್‌ಗೆ ಬೆನ್ನು ಕೊಟ್ಟು ಬಾಗಿದಳು.

ಅವನು ನಿಂತೇ ಇದ್ದ. ದೋಣಿಯಿಂದ ಕೊಕ್ಕರೆ ಕೂಗಿದ: "ಹತ್ತೋ ಮಾರಾಯ, ನೀರು ಕಾಯುತ್ತಾ ನಿಂಗೋಸ್ಕರ?"

ಜೀಮ್ಸ್ ಹತ್ತಿದ. ಅವನ ಎರಡೂ ಕಾಲು ಅವಳ ಸೊಂಟದ ಆಚೀಚೆ ಇಳಿಬಿದ್ದವು. ಬೂಟಿನ ಮೇಲೆ ಬೂದು ಕಾಲುಚೀಲ ಕಾಣುತ್ತಿತ್ತು, ಕೆಲಸದ ದಿನಗಳದ್ದು. ನಾನು ಅದನ್ನು ನೋಡಿದೆ. ಅವಳೂ ತಲೆ ಬಗ್ಗಿಸಿ ನೋಡಿದಳೆಂದು ನನಗೆ ಗೊತ್ತು.

ಅಲೆ ಮೊಣಕಾಲಿಗೆ, ತೊಡೆಗೆ, ಸೊಂಟಕ್ಕೆ ಬಂತು. ದೋಣಿಯ ಹತ್ತಿರ ಹೋಗಿ ಮೇರನ್ ನಿಂತಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು. ಜೀಮ್ಸ್‌ನ ಕೈ ಅವಳ ಕೊರಳಿನ ಸುತ್ತ ಇತ್ತು. ಏನಾದರೂ ಮಾತಾಡಿದರೋ ಇಲ್ಲವೋ, ದಡದಲ್ಲಿದ್ದವಳಿಗೆ ಕೇಳಿಸುವುದಿಲ್ಲ. ಒಂದು ಅಲೆ ಬಂದು ಅವಳ ಎದೆಗೆ ಹೊಡೆಯಿತು; ಅವಳು ಕಾಲು ಊರಿ, ಅವನನ್ನು ಇನ್ನೊಂಚೂರು ಮೇಲಕ್ಕೆತ್ತಿ ಹಿಡಿದಳು, ನೆನೆಯದ ಹಾಗೆ. ಆಮೇಲೆ ದೋಣಿಯ ಅಂಚಿಗೆ ಕೂರಿಸಿದಳು.

ವಾಪಸು ಬರುವಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ನಾನು ನನ್ನ ಶಾಲು ತೆಗೆದು ಅವಳ ಮೇಲೆ ಹಾಕಬೇಕಿತ್ತು. ಹಾಕಲಿಲ್ಲ. ಅವಳೂ ಕೇಳಲಿಲ್ಲ. ನೀರು ಸುರಿಸುತ್ತ ನನ್ನನ್ನು ದಾಟಿ ಮನೆಯ ಕಡೆ ನಡೆದಳು, ನಾನು ಹಿಂದೆ ನಡೆದೆ. ನಾಳೆಯ ಗಾಳಗಳಿಗೆ ಚಿಪ್ಪು ಬಿಡಿಸುವುದಿತ್ತು. ಅವಳು ಬೆಂಚಿನ ಆ ತುದಿಗೆ ಕೂತಳು. ನಾನು ಈ ತುದಿಗೆ.